ಮರದ ಟಂಗ್ ಡ್ರಮ್ ಸರಿಯಾಗಿ ನುಡಿಯುತ್ತಿಲ್ಲವೇ? ಉಳಿ ಎತ್ತುವ ಮೊದಲು ಇಷ್ಟು ನೋಡಿ

ಟಂಗ್ ಡ್ರಮ್ ಅಂದರೆ ಮೇಲಿನ ಹಲಗೆಯಲ್ಲಿ ಸೀಳು ಕೊಯ್ದು ಮಾಡಿದ ನಾಲಿಗೆಯಂಥ ಪಟ್ಟಿಗಳನ್ನು ಕೋಲಿನಿಂದ ತಟ್ಟಿ ನುಡಿಸುವ ಮರದ ಪೆಟ್ಟಿಗೆ. ಪೆಟ್ಟಿಗೆ ಮುಗಿದಿದೆ, ಮೇಲಿನ ಹಲಗೆಯಲ್ಲಿ ನಾಲಿಗೆಗಳನ್ನು ಕೊಯ್ದಾಗಿದೆ. ಕೋಲಿನಿಂದ ತಟ್ಟಿದರೆ ‘ಟೊಂಯ್’ ಅಂತ ತುಂಬಿ ನುಡಿಯಬೇಕಾದದ್ದು ‘ಟಪ್’ ಅಂದು ಸುಮ್ಮನಾಗುತ್ತದೆ. ಇಲ್ಲ, ನಾದವೇನೋ ಬರುತ್ತದೆ, ಜೊತೆಗೆ ಜಿರ್ರ್ ಅಂತ ಒಂದು ಕಿರಿಕಿರಿ. ಇಲ್ಲ, ಐದು ನಾಲಿಗೆ ಚೆನ್ನಾಗಿದ್ದು ಆರನೆಯದು ಮಾತ್ರ ಕೈಕೊಟ್ಟಿದೆ. ಆಗ ಕೈ ತಾನಾಗಿ ಉಳಿಯ ಕಡೆಗೋ ಉಪ್ಪುಕಾಗದದ ಕಡೆಗೋ ಹೋಗುತ್ತದೆ, ಅಲ್ವಾ? ಅಲ್ಲೇ ತಡೆಯಿರಿ. ಕೆರೆದು ತೆಗೆದ ಮರವನ್ನು ಮತ್ತೆ ಹಚ್ಚಲು ಆಗುವುದಿಲ್ಲ. ನಾಲಿಗೆಯಲ್ಲಿದೆ ಅಂದುಕೊಂಡ ದೋಷ ಹೆಚ್ಚಿನ ಸಲ ನಾಲಿಗೆಯಲ್ಲಿ ಇರುವುದೇ ಇಲ್ಲ. ಕೋಲಿನಲ್ಲಿ, ಪೆಟ್ಟಿಗೆ ಕೂತ ಮೇಜಿನಲ್ಲಿ, ಅಂಟಿನ ಸಂದಿನಲ್ಲಿ, ನಾಲಿಗೆಯ ಬುಡದಲ್ಲಿ ಅಡಗಿರುತ್ತದೆ. ಹಾಗಾಗಿ ಏನನ್ನೂ ಕೊಯ್ಯದೆ ಮಾಡಬಹುದಾದ ಪರೀಕ್ಷೆಗಳು ಮೊದಲು, ಉಳಿ ಆಮೇಲೆ.

ನಾನು ಹೇಳುತ್ತಿರುವುದು ಮನೆಯಲ್ಲೇ ಜಿಗ್‌ಸಾ, ಡ್ರಿಲ್, ಒಂದೆರಡು ಉಳಿ, ನಾಲ್ಕಾರು ಸಿ-ಕ್ಲಾಂಪ್ ಇಟ್ಟುಕೊಂಡು ಮಾಡುವ ಡ್ರಮ್ ಬಗ್ಗೆ. ಸುಮಾರು ಒಂದೂವರೆ ಅಡಿ ಉದ್ದ, ಮುಕ್ಕಾಲು ಅಡಿ ಅಗಲದ ಪೆಟ್ಟಿಗೆ. ಮೇಲೆ 12ರಿಂದ 18 ಮಿ.ಮೀ. ದಪ್ಪದ ಗಟ್ಟಿ ಮರದ ಹಲಗೆ. ಪಕ್ಕದಲ್ಲೋ ತಳದಲ್ಲೋ ಒಂದು ತೂತು.

ದೋಷ ಹುಡುಕಬೇಕಾದರೆ ನಾಲಿಗೆ ಹೇಗೆ ನುಡಿಯುತ್ತದೆ ಅನ್ನುವುದು ಗೊತ್ತಿರಬೇಕು. ಒಂದು ತುದಿ ಹಲಗೆಗೆ ಸೇರಿಕೊಂಡಿದೆ, ಅದು ಬುಡ. ಇನ್ನೊಂದು ತುದಿ ಬಿಡುವಾಗಿದೆ. ತಟ್ಟಿದಾಗ ಬುಡ ಗಟ್ಟಿಯಾಗಿ ನಿಂತು ತುದಿ ಮೇಲೆ ಕೆಳಗೆ ಆಡಬೇಕು. ಸ್ವರ ಎಷ್ಟು ಎತ್ತರ ಅನ್ನುವುದು ದಪ್ಪ ಮತ್ತು ಉದ್ದದ ಮೇಲೆ ನಿಂತಿದೆ. ದಪ್ಪ ಹೆಚ್ಚಾದರೆ ಸ್ವರ ಏರುತ್ತದೆ, ಉದ್ದ ಹೆಚ್ಚಾದರೆ ಇಳಿಯುತ್ತದೆ, ಅದೂ ಉದ್ದದ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಅಂದರೆ ಉದ್ದವನ್ನು ಅರ್ಧ ಮಾಡಿದರೆ ಕಂಪನ ನಾಲ್ಕು ಪಟ್ಟು, ಎರಡು ಸ್ಥಾಯಿ ಮೇಲೆ. ಒಂದೇ ಸ್ಥಾಯಿ ಏರಿಸಲು 150 ಮಿ.ಮೀ. ನಾಲಿಗೆ 106 ಮಿ.ಮೀ. ಆದರೆ ಸಾಕು. ಅಗಲಕ್ಕೂ ಸ್ವರಕ್ಕೂ ಹೆಚ್ಚು ಸಂಬಂಧ ಇಲ್ಲ. ಅಗಲದ ನಾಲಿಗೆ ಜಾಸ್ತಿ ಗಾಳಿ ತಳ್ಳುತ್ತದೆ, ಜೋರಾಗಿ ಕೇಳುತ್ತದೆ, ಅಷ್ಟೇ. ಸ್ವರ ಸರಿಯಿಲ್ಲ ಅಂತ ಪಕ್ಕಗಳನ್ನು ಅರದಿಂದ ಉಜ್ಜುತ್ತಾ ಕೂರುವುದು ಇದಕ್ಕೇ ವ್ಯರ್ಥ.

ಸತ್ತ ದನಿ

ಮೊದಲು ಡ್ರಮ್ಮನ್ನು ಮೇಜಿನಿಂದ ಎತ್ತಿ. ತಳದ ಹಲಗೆ ಪೂರ್ತಿ ಮೇಜಿಗೆ ಒತ್ತಿ ಕೂತಿದ್ದರೆ ಪೆಟ್ಟಿಗೆ ನುಡಿಯಲಾರದು, ತೂತು ತಳದಲ್ಲಿದ್ದರೆ ಅದೂ ಮುಚ್ಚಿಹೋಗಿರುತ್ತದೆ. ದಪ್ಪ ಫೋಮ್ ಮೇಲೆ, ಹಾಸಿಗೆ ಮೇಲೆ, ತೊಡೆಯ ಮೇಲೆ ಪೂರ್ತಿ ಒರಗಿಸಿಕೊಂಡರೂ ಇದೇ ಕಥೆ. ನಾಲ್ಕು ಮೂಲೆಯ ಕೆಳಗೆ ಹಳೆ ರಬ್ಬರ್ ಚಪ್ಪಲಿಯ ಅಟ್ಟೆಯಿಂದ ಕತ್ತರಿಸಿದ ನಾಲ್ಕು ತುಂಡು ಇಟ್ಟು ಮತ್ತೆ ತಟ್ಟಿ. ದನಿ ಎದ್ದರೆ ಕೆಲಸ ಮುಗಿಯಿತು, ಆ ತುಂಡುಗಳನ್ನೇ ಕಾಲುಗಳಾಗಿ ಅಂಟಿಸಿ.

ಆಮೇಲೆ ಕೋಲು. ಬರೀ ಮರದ ಕೋಲಿನಿಂದ ತಟ್ಟಿದರೆ ‘ಟಕ್’ ಅನ್ನುವ ಪೆಟ್ಟಿನ ಸದ್ದೇ ಕಿವಿ ತುಂಬುತ್ತದೆ, ನಾದ ಅದರಡಿ ಮುಳುಗುತ್ತದೆ. ತೀರಾ ಮೆತ್ತಗಿನ ಬಟ್ಟೆ ಸುತ್ತಿದ ಕೋಲಾದರೆ ಚಿಕ್ಕ ನಾಲಿಗೆಗಳು ಎಚ್ಚರವೇ ಆಗುವುದಿಲ್ಲ. ಮಕ್ಕಳು ಆಡುವ ಪುಟಿಯುವ ಗಟ್ಟಿ ರಬ್ಬರ್ ಚೆಂಡಿಗೆ ತೂತು ಕೊರೆದು ಬಿದಿರಿನ ಕಡ್ಡಿಗೆ ಸಿಕ್ಕಿಸಿದರೆ ಒಳ್ಳೆಯ ಕೋಲಾಗುತ್ತದೆ. ಸಿಗದಿದ್ದರೆ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಕೋಲಿನ ತುದಿಗೆ ಬಿಗಿಯಾಗಿ ಸುತ್ತಿ. ಕೋಲು ನಾಲಿಗೆಯ ಮೇಲೆ ಒತ್ತಿ ನಿಲ್ಲಬಾರದು, ತಟ್ಟಿ ತಕ್ಷಣ ಪುಟಿದು ಬರಬೇಕು.

ಎಲ್ಲಿ ತಟ್ಟುತ್ತೀರಿ ಅನ್ನುವುದೂ ಮುಖ್ಯ. ನಾಲಿಗೆಗೆ ಮೂಲ ಸ್ವರದ ಜೊತೆಗೆ ಇನ್ನೊಂದು ಸ್ವರ ಇರುತ್ತದೆ, ಅದು ಮೂಲದ ಸುಮಾರು 6.27 ಪಟ್ಟು. ತಂತಿಯಲ್ಲಿ ಮೇಲಿನ ಸ್ವರಗಳು ಎರಡು ಪಟ್ಟು, ಮೂರು ಪಟ್ಟು ಅಂತ ಸಲೀಸಾಗಿ ಹೊಂದಿಕೊಂಡು ಬರುತ್ತವೆ, ಇಲ್ಲಿ ಹಾಗಿಲ್ಲ. ಈ 6.27 ಮೂಲ ಸ್ವರಕ್ಕೆ ಹೊಂದುವುದೇ ಇಲ್ಲ, ಜೋರಾದರೆ ಲೋಹ ತಟ್ಟಿದ ಹಾಗೆ ಕಟುವಾಗಿ ಕೇಳುತ್ತದೆ. ಬುಡದಿಂದ ಅಳೆದು ನಾಲಿಗೆಯ ಉದ್ದದ ಸುಮಾರು ನೂರಕ್ಕೆ 78 ಭಾಗದಲ್ಲಿ, ಅಂದರೆ ತುದಿಯಿಂದ ಐದರಲ್ಲಿ ಒಂದು ಪಾಲು ಒಳಗೆ, ಆ ಮೇಲಿನ ಸ್ವರ ಅಲುಗದ ಜಾಗ ಇದೆ. ಅಲ್ಲಿ ತಟ್ಟಿದರೆ ಮೂಲ ಸ್ವರ ಶುದ್ಧವಾಗಿ ಬರುತ್ತದೆ. ಪ್ರತಿ ನಾಲಿಗೆಯಲ್ಲೂ ಆ ಜಾಗಕ್ಕೆ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ ಇಟ್ಟು, ಇನ್ನು ಮುಂದಿನ ಪರೀಕ್ಷೆಗಳಲ್ಲೆಲ್ಲ ಅಲ್ಲೇ ತಟ್ಟಿ. ಒಂದೊಂದು ಸಲ ಒಂದೊಂದು ಕಡೆ ತಟ್ಟಿ ಹೋಲಿಸಿದರೆ ಯಾವ ತೀರ್ಮಾನವೂ ಸಿಗುವುದಿಲ್ಲ.

ಇಷ್ಟಾದರೂ ‘ಟಪ್’ ಅಂದರೆ ಬುಡ ನೋಡಬೇಕು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಸತ್ತ ನಾಲಿಗೆಗಳಲ್ಲಿ ಬಹುಪಾಲು ಸಾಯುವುದು ಇಲ್ಲೇ. ಬುಡ ಅಲುಗಾಡಿದರೆ ನಾಲಿಗೆಯ ಶಕ್ತಿ ತುದಿಯಲ್ಲಿ ಉಳಿಯದೆ ಹಲಗೆಗೆ ಸೋರಿ ಹೋಗುತ್ತದೆ. ಪರೀಕ್ಷೆ ಸುಲಭ. ನಾಲಿಗೆಯ ಬುಡದ ಗೆರೆಯ ಹಿಂದೆ, ಹಲಗೆಯ ಮೇಲೆ, ಎರಡು ಹೆಬ್ಬೆರಳು ಊರಿ ಬಲವಾಗಿ ಒತ್ತಿ, ಇನ್ನೊಬ್ಬರ ಕೈಲಿ ತಟ್ಟಿಸಿ. ಇನ್ನೂ ಖಚಿತ ಆಗಬೇಕಾದರೆ ತಳದ ಹಲಗೆ ಬಿಚ್ಚಿ, ಬುಡದ ಮೇಲೊಂದು ಕೆಳಗೊಂದು ಗಟ್ಟಿ ಮರದ ಪಟ್ಟಿ ಇಟ್ಟು ಕ್ಲಾಂಪ್ ಬಿಗಿಯಿರಿ. ನಾದ ಉದ್ದವಾದರೆ, ಸ್ವರ ಸ್ವಲ್ಪ ಏರಿದರೆ, ಬುಡಕ್ಕೆ ಆಸರೆ ಸಾಲದು ಅಂತ ಅರ್ಥ. ಬುಡದ ಗೆರೆಯ ಕೆಳಗೆ ಅಡ್ಡಪಟ್ಟಿ ಅಂಟಿಸಬೇಕು. 20 ಮಿ.ಮೀ. ಅಗಲ, 20 ಮಿ.ಮೀ. ಎತ್ತರದ ತೇಗದ ರೀಪು ಸಾಕು. ಅದರ ಮುಖವನ್ನು ತೋಪಡದಿಂದ (ಮರ ಹೆರೆದು ನುಣುಪು ಮಾಡುವ ಸಾಧನ) ಪೂರ್ತಿ ಮಟ್ಟ ಮಾಡಿ, ತೆಳ್ಳಗೆ ಫೆವಿಕಾಲ್ ಹಚ್ಚಿ, ಕ್ಲಾಂಪ್ ಬಿಗಿದು ಒಂದು ದಿನ ಬಿಡಿ. ಸಂದು ಇದ್ದ ಕಡೆ ಅಂಟನ್ನೇ ದಪ್ಪಗೆ ತುಂಬಿ ಹೊಂದಿಸಲು ಹೋಗಬೇಡಿ. ಅಂಟಿನ ದಪ್ಪ ಪದರ ನಾದವನ್ನು ನುಂಗುತ್ತದೆ.

ಇದೇ ಕಾರಣಕ್ಕೆ ನನ್ನ ಒತ್ತಾಯ ಒಂದಿದೆ. ಶ್ರುತಿ ಮಾಡಿ ಮುಗಿಯುವ ತನಕ ತಳದ ಹಲಗೆಯನ್ನು ಅಂಟಿಸಲೇಬೇಡಿ. ಸ್ಕ್ರೂ ಹಾಕಿ ಬಿಗಿಯಿರಿ. ತಳ ಅಂಟಿಸಿದ ಮೇಲೆ ಒಳಗಿನ ಯಾವ ದೋಷಕ್ಕೂ ಕೈ ಹೋಗುವುದಿಲ್ಲ.

ಬುಡವೂ ಗಟ್ಟಿ, ಎಲ್ಲ ನಾಲಿಗೆಯೂ ಮಂಕು ಅಂದರೆ ಮರವೇ ಕಾರಣ ಇರಬಹುದು. ಅದೇ ಹಲಗೆಯಿಂದ ಉಳಿದ ತುಂಡು ಇದೆಯಾ? ಅದರ ಉದ್ದದಲ್ಲಿ ಒಂದು ತುದಿಯಿಂದ ನೂರಕ್ಕೆ 22 ಭಾಗದಷ್ಟು ಒಳಗೆ ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ತೂಗಾಡಿಸಿ, ನಡುವೆ ಬೆರಳ ಗೆಣ್ಣಿನಿಂದ ತಟ್ಟಿ. ಕಂಪಿಸುವಾಗ ಅಲುಗದ ಜಾಗ ಅದು, ಅಲ್ಲಿ ಹಿಡಿದರೆ ಮರದ ನಾದ ತಡೆಯಿಲ್ಲದೆ ಬರುತ್ತದೆ. ಒಳ್ಳೆಯ ಮರವಾದರೆ ಸ್ಪಷ್ಟ ಸ್ವರ ಕೇಳುತ್ತದೆ. ಮಂದವಾದರೆ ಮರ ಹಸಿ ಇದೆ, ಇಲ್ಲ ಗಂಟಿದೆ, ಇಲ್ಲ ಒಳಗೆ ಬಿರುಕಿದೆ, ಇಲ್ಲ ಅದು ಪ್ಲೈವುಡ್ ಅಥವಾ ತೀರಾ ಮೆತ್ತಗಿನ ಜಾತಿ. ಹೊರದೇಶಗಳಲ್ಲಿ ಟಂಗ್ ಡ್ರಮ್ ಮಾಡುವವರು ಪಡೌಕ್ ಮರವನ್ನು ಬಹಳ ಮೆಚ್ಚುತ್ತಾರೆ. ನಮ್ಮ ಹೊನ್ನೆ ಅದೇ ಕುಲದ ಮರ. ಒಣಗಿದ ಹೊನ್ನೆ ಚೆನ್ನಾಗಿ ನುಡಿಯುತ್ತದೆ, ಆದರೆ ಅದರ ಧೂಳು ಮೂಗು ಗಂಟಲಿಗೆ ಆಗುವುದಿಲ್ಲ, ಮಾಸ್ಕ್ ಹಾಕಿಕೊಳ್ಳಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಣ್ಣ ಬಿಟ್ಟು ಪಕ್ಕದ ತಿಳಿ ಮರಕ್ಕೆ ಕಲೆ ಹತ್ತುತ್ತದೆ. ಮೃದಂಗಕ್ಕೂ ವೀಣೆಗೂ ಬಳಸುವ ಹಲಸು ಪೆಟ್ಟಿಗೆಯ ಗೋಡೆಗೆ ಚೆನ್ನ. ಹಳೆ ಮನೆ ಕೆಡವಿದಲ್ಲಿ ಸಿಗುವ ತೇಗದ ಬಾಗಿಲು, ಹಲಸಿನ ತೊಲೆ ಸಿಕ್ಕರೆ ಬಿಡಬೇಡಿ. ಹತ್ತಾರು ವರ್ಷ ಒಣಗಿದ ಮರ ಅದು. ಒಳಗೆ ಮುರಿದು ಉಳಿದ ಮೊಳೆ ಇದೆಯಾ ಅಂತ ಮಾತ್ರ ಅಯಸ್ಕಾಂತ ಆಡಿಸಿ ನೋಡಿ.

ಒಂದು ಕಡೆಯ ಸಂಗತಿ: ನಾಲಿಗೆಯ ಉದ್ದ ಮರದ ಎಳೆಯ ಉದ್ದಕ್ಕೇ ಇರಬೇಕು. ಎಳೆಗೆ ಅಡ್ಡಲಾಗಿ ಕೊಯ್ದ ನಾಲಿಗೆ ಮಂಕಾಗಿಯೇ ಇರುತ್ತದೆ, ಬುಡದಲ್ಲಿ ಮುರಿದೂ ಹೋಗುತ್ತದೆ. ಅದಕ್ಕೆ ಮದ್ದಿಲ್ಲ, ಬೇರೆ ಹಲಗೆ ತೆಗೆದುಕೊಳ್ಳಿ.

ಜಿರ್ರ್ ಅನ್ನುವ ಸದ್ದು

ಇದು ಹುಡುಕಲು ತಾಳ್ಮೆ ಬೇಡುವ ದೋಷ, ಸರಿ ಮಾಡಲು ಮಾತ್ರ ಹೆಚ್ಚಾಗಿ ಸುಲಭ. ಎಲ್ಲೋ ಎರಡು ವಸ್ತು ಒಂದಕ್ಕೊಂದು ತಾಗಿ ಬಿಡುತ್ತಿವೆ. ಅದು ಎಲ್ಲಿ ಅನ್ನುವುದಷ್ಟೇ ಪ್ರಶ್ನೆ. ತಟ್ಟಿದ ನಾಲಿಗೆಯಲ್ಲೇ ಇರಬೇಕು ಅಂತೇನೂ ಇಲ್ಲ, ಪೆಟ್ಟಿಗೆಯ ಆ ತುದಿಯಲ್ಲೂ ಇರಬಹುದು.

ಸೀಳಿನಿಂದ ಶುರು ಮಾಡಿ. ಒಂದು ವಿಸಿಟಿಂಗ್ ಕಾರ್ಡ್ ತೆಗೆದುಕೊಂಡು ಪ್ರತಿ ನಾಲಿಗೆಯ ಸುತ್ತ ಸೀಳಿನಲ್ಲಿ ಓಡಿಸಿ. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಮರ ತಾಗುತ್ತಿದೆ ಅಥವಾ ಮರದ ಹುಡಿ, ಅಂಟಿನ ಹನಿ, ಒಣಗಿದ ಪಾಲಿಶ್ ತುಂಬಿಕೊಂಡಿದೆ. ಜಿಗ್‌ಸಾ ಬ್ಲೇಡ್ ಕೊಯ್ಯುವಾಗ ಸ್ವಲ್ಪ ಓರೆಯಾದರೆ ಸೀಳು ಮೇಲೆ ಅಗಲ, ಕೆಳಗೆ ಕಿರಿದು. ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಮೊಬೈಲ್ ಟಾರ್ಚ್ ಹಚ್ಚಿ ಪೆಟ್ಟಿಗೆಯೊಳಗೆ ಇಟ್ಟು, ಕೋಣೆಯ ದೀಪ ಆರಿಸಿ, ಮೇಲಿನಿಂದ ನೋಡಿ. ಪ್ರತಿ ಸೀಳೂ ಒಂದೇ ಸಮನಾದ ಬೆಳಕಿನ ಗೆರೆಯಾಗಿ ಕಾಣಬೇಕು. ಗೆರೆ ಸಣ್ಣಗಾದ ಕಡೆ, ಮಾಯವಾದ ಕಡೆ, ಮಡಚಿದ ಉಪ್ಪುಕಾಗದ ತೂರಿಸಿ ನಾಲ್ಕು ಸಲ ಎಳೆಯಿರಿ. ಈ ಬೆಳಕಿನ ಪರೀಕ್ಷೆಗೆ ಇನ್ನೊಂದು ಲಾಭ ಇದೆ. ಬೆಳಕು ಬರಬಾರದ ಕಡೆಯೂ ಬರುತ್ತಿದ್ದರೆ, ಅಂದರೆ ಹಲಗೆಗೂ ಚೌಕಟ್ಟಿಗೂ ನಡುವಿನ ಅಂಟಿನ ಸಂದಿನಲ್ಲಿ ಕೂದಲೆಳೆಯಷ್ಟು ಮಿನುಗು ಕಂಡರೆ, ಜಿರ್ರ್ ಸದ್ದಿನ ಮನೆ ಅದೇ ಇರಬಹುದು.

ಸಂದಿನ ಅನುಮಾನ ಬಂದರೆ ಒಬ್ಬರು ನಾಲಿಗೆ ತಟ್ಟುತ್ತಲೇ ಇರಲಿ, ಇನ್ನೊಬ್ಬರು ಅಂಚಿನ ಉದ್ದಕ್ಕೂ ಎರಡು ಬೆರಳು ಒತ್ತುತ್ತಾ ನಿಧಾನವಾಗಿ ಸಾಗಲಿ. ಯಾವ ಜಾಗದಲ್ಲಿ ಒತ್ತಿದಾಗ ಸದ್ದು ನಿಂತಿತೋ ಅಲ್ಲಿ ನಿಲ್ಲಿ. ಬೆರಳು ತೆಗೆದರೆ ಮತ್ತೆ ಬಂತಾ? ಒತ್ತಿದರೆ ಹೋಯಿತಾ? ಹಾಗಾದರೆ ಸಿಕ್ಕಿತು. ಅಂಟನ್ನು ಸ್ವಲ್ಪ ನೀರು ಬೆರೆಸಿ ತೆಳು ಮಾಡಿ, ಸಂದಿನ ಮೇಲೆ ಹಚ್ಚಿ, ಒಳಗಿನಿಂದ ಬಾಯಲ್ಲೇ ಗಾಳಿ ಎಳೆದರೆ ಅಂಟು ಸಂದಿನೊಳಕ್ಕೆ ಇಳಿಯುತ್ತದೆ. ಅದಕ್ಕೆ ಒಂದು ಸ್ಟ್ರಾ ಸಾಕು, ಅಂಟು ಬಾಯಿಗೆ ಬರುವಷ್ಟು ಎಳೆಯಬೇಡಿ. ಆಮೇಲೆ ಕ್ಲಾಂಪ್.

ಸಂದೂ ಸರಿಯಿದ್ದರೆ ತಟ್ಟುವ ನಾಲಿಗೆ ಬಿಟ್ಟು ಉಳಿದೆಲ್ಲವನ್ನೂ ಅಂಗೈಯಿಂದ ಮುಚ್ಚಿ ಹಿಡಿದು ತಟ್ಟಿ. ಸದ್ದು ಹೋದರೆ ಬೇರೆ ನಾಲಿಗೆಯೊಂದು ಜೊತೆಗೂಡಿ ಅಲುಗುತ್ತಾ ತಾಗುತ್ತಿದೆ. ಒಂದೊಂದೇ ಬೆರಳು ಎತ್ತುತ್ತಾ ಬನ್ನಿ, ಯಾವುದು ಅಂತ ಗೊತ್ತಾಗುತ್ತದೆ. ಅದೂ ಅಲ್ಲ ಅಂದರೆ ಸಡಿಲ ಸ್ಕ್ರೂ, ಅರ್ಧ ಬಿಟ್ಟ ಅಡ್ಡಪಟ್ಟಿ, ಒಳಗೆ ಬಿದ್ದ ಮರದ ಚೂರು, ಕಿತ್ತುಬಂದ ಕಾಲಿನ ರಬ್ಬರ್. ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿ ನೋಡುವುದನ್ನು ಮರೆಯಬೇಡಿ. ತೂತಿನಿಂದ ಒಂದು ಮರದ ಚಕ್ಕೆ ಉದುರಿ ಇಡೀ ಸಮಸ್ಯೆ ತೀರಿದ್ದನ್ನು ನೋಡಿದ್ದೇನೆ.

ಕೊನೆಗೆ ಉಳಿಯುವುದು ಬಿರುಕು. ಬುಡದ ಎರಡು ಮೂಲೆಗಳನ್ನು ಉಗುರಿನಿಂದ ಸವರಿ ನೋಡಿ. ಸೀಳು ಮುಗಿಯುವ ಕಡೆ ಚೂಪು ಮೂಲೆ ಇದ್ದರೆ ಮರ ಅಲ್ಲಿಂದಲೇ ಬಿಡಲು ಶುರು. ಸೀಳಿನ ಕೊನೆಯಲ್ಲಿ ಮೊದಲೇ 5-6 ಮಿ.ಮೀ. ತೂತು ಕೊರೆಯುವುದು ಇದಕ್ಕೇ, ಒತ್ತಡ ಒಂದೇ ಬಿಂದುವಿನಲ್ಲಿ ಸೇರದೆ ಹರಡಿಕೊಳ್ಳುತ್ತದೆ. ಹಾಗೆ ಮಾಡಿಲ್ಲದಿದ್ದರೆ ಈಗಲಾದರೂ ಕೊರೆಯಿರಿ. ಸ್ವರ ಒಂದಿಷ್ಟು ಇಳಿಯುತ್ತದೆ, ಪರವಾಗಿಲ್ಲ, ಅದನ್ನು ಸರಿಪಡಿಸಬಹುದು.

ಒಂದು ಸ್ವರ ಮಾತ್ರ ವಿಚಿತ್ರ

ಏಳು ನಾಲಿಗೆ ಸರಿ, ಒಂದು ಮಾತ್ರ ತಟ್ಟಿದ ಕ್ಷಣ ಜೋರಾಗಿ ಕೂಗಿ ತಟ್ಟನೆ ಆರಿಹೋಗುತ್ತದೆ, ಅಥವಾ ಅಲೆಅಲೆಯಾಗಿ ನಡುಗುತ್ತದೆ. ಇಲ್ಲಿ ನಾಲಿಗೆಯನ್ನು ಮುಟ್ಟಬೇಡಿ. ಪೆಟ್ಟಿಗೆಯೊಳಗಿನ ಗಾಳಿಗೂ ಒಂದು ಸ್ವರ ಇದೆ. ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಬರುವುದು ಅಂಥದೇ ಸ್ವರ. ನಾಲಿಗೆಯ ಸ್ವರವೂ ಗಾಳಿಯ ಸ್ವರವೂ ಹೆಚ್ಚುಕಡಿಮೆ ಒಂದೇ ಆದಾಗ ನಾಲಿಗೆಯ ಶಕ್ತಿಯನ್ನೆಲ್ಲ ಗಾಳಿ ಒಮ್ಮೆಲೇ ಕಸಿದುಕೊಳ್ಳುತ್ತದೆ.

ತೂತಿನ ಹತ್ತಿರ ಬಾಯಿಟ್ಟು ಕೆಳಗಿನ ಸ್ವರದಿಂದ ಮೆಲ್ಲಗೆ ಮೇಲಕ್ಕೆ ‘ಊ’ ಅಂತ ಎಳೆಯುತ್ತಾ ಹೋಗಿ. ಒಂದು ಸ್ವರಕ್ಕೆ ಬಂದಾಗ ಪೆಟ್ಟಿಗೆ ಇದ್ದಕ್ಕಿದ್ದಂತೆ ನಿಮ್ಮ ಜೊತೆ ಗುಂಯ್‌ಗುಡುತ್ತದೆ, ಹಿಡಿದ ಕೈಗೆ ನಡುಕ ತಿಳಿಯುತ್ತದೆ. ಆ ಸ್ವರ ತೊಂದರೆಯ ನಾಲಿಗೆಗೆ ಹತ್ತಿರ ಇದೆಯಾ? ಇನ್ನು ತೂತನ್ನು ರಟ್ಟಿನ ತುಂಡಿನಿಂದ ಅರ್ಧ ಮುಚ್ಚಿ ನಾಲಿಗೆ ತಟ್ಟಿ. ದನಿ ಸರಿಹೋದರೆ ಕಾರಣ ಗಾಳಿಯೇ. ತೂತು ಚಿಕ್ಕದಾದರೆ ಗಾಳಿಯ ಸ್ವರ ಇಳಿಯುತ್ತದೆ, ದೊಡ್ಡದಾದರೆ ಏರುತ್ತದೆ. ಅದನ್ನು ಎರಡು ನಾಲಿಗೆಗಳ ಸ್ವರದ ನಡುವೆ ಖಾಲಿ ಜಾಗಕ್ಕೆ ಸರಿಸಿ. ಮೊದಲು ಚಿಕ್ಕದು ಮಾಡಿ ನೋಡಿ, ಯಾಕೆಂದರೆ ರಟ್ಟು ತೆಗೆಯಬಹುದು, ಕೊರೆದ ತೂತು ಮುಚ್ಚುವುದು ಕಷ್ಟ. ಸರಿಹೋದ ಅಳತೆಗೆ ಮರದ ಒಂದು ಬಳೆ ಕೊರೆದು ತೂತಿನ ಒಳಗಡೆ ಅಂಟಿಸಿ.

ನಾಲಿಗೆ ಸುತ್ತಲಿನ ಸೀಳುಗಳೂ ತೂತಿನ ಲೆಕ್ಕಕ್ಕೇ ಸೇರುತ್ತವೆ. ಸೀಳು ಕೊಯ್ಯುವ ಮೊದಲು ಅಳೆದ ಗಾಳಿಯ ಸ್ವರ ಕೊಯ್ದ ಮೇಲೆ ಏರಿರುತ್ತದೆ. ಹಾಗಾಗಿ ತೂತನ್ನು ಕೊನೆಗೆ ದೊಡ್ಡದು ಮಾಡುವಂತೆ ಶುರುವಿನಲ್ಲಿ ಚಿಕ್ಕದಾಗಿ ಬಿಡುವುದು ಜಾಣತನ. ಕೆಳಗಿನ ಸ್ವರಗಳು ಮಾತ್ರ ಸೊರಗಿವೆ ಅಂದರೆ ಇದರ ಉಲ್ಟಾ: ಗಾಳಿಯ ಸ್ವರ ಅವುಗಳಿಗಿಂತ ತುಂಬಾ ಮೇಲಿದೆ. ತೂತು ಕಿರಿದು ಮಾಡಿ, ಸಾಲದಿದ್ದರೆ ಪೆಟ್ಟಿಗೆಯ ಆಳ ಹೆಚ್ಚಿಸಿ.

ಶ್ರುತಿ ನಿಲ್ಲದಿದ್ದರೆ

ಮೊಬೈಲ್ ಟ್ಯೂನರ್ (ಸ್ವರ ಅಳೆದು ಹೇಳುವ ಆಪ್) ಹುಚ್ಚುಹುಚ್ಚಾಗಿ ತೋರಿಸುತ್ತದೆ ಅನ್ನುವ ದೂರು ಬಹಳ ಕೇಳುತ್ತೇನೆ. ಸಿ ಇರಬೇಕಾದ ನಾಲಿಗೆಗೆ ಅದು ಜಿ ಶಾರ್ಪ್ ಅನ್ನುತ್ತದೆ. ಆಪ್ ಕೆಟ್ಟಿಲ್ಲ, ಅದು ಹಿಡಿಯುತ್ತಿರುವುದು ಆ 6.27 ಪಟ್ಟಿನ ಮೇಲಿನ ಸ್ವರವನ್ನು. ಮೆತ್ತಗಿನ ಕೋಲು ಹಿಡಿದು, ಚುಕ್ಕೆ ಇಟ್ಟ ಜಾಗದಲ್ಲಿ ಮೆಲ್ಲಗೆ ತಟ್ಟಿ, ಮೊಬೈಲನ್ನು ನಾಲಿಗೆಯ ತುದಿಗೆ ಹತ್ತಿರ ಹಿಡಿದು, ಉಳಿದ ನಾಲಿಗೆಗಳನ್ನು ಕೈಯಿಂದ ಸುಮ್ಮನಾಗಿಸಿ ನೋಡಿ, ಸರಿ ತೋರಿಸುತ್ತದೆ.

ಹೊಸಬರಿಗೆ ನಾನು ಮೋಹನ ರಾಗದ ಸ್ವರಗಳನ್ನೇ ಹೇಳುತ್ತೇನೆ. ಐದೇ ಸ್ವರ, ಹೇಗೆ ತಟ್ಟಿದರೂ ಕಿವಿಗೆ ಹಿತ. ಒಂದು ಕಟ್ಟೆ ಶ್ರುತಿಗೆ (ಪಿಯಾನೋದ ಸಿ) ಷಡ್ಜ 261.6 ಹರ್ಟ್ಝ್. ಟ್ಯೂನರ್ ಪ್ರಕಾರ ರಿಷಭ 293.7, ಗಾಂಧಾರ 329.6, ಪಂಚಮ 392, ಧೈವತ 440. ಆದರೆ ಶ್ರುತಿಪೆಟ್ಟಿಗೆ ಹಾಕಿಕೊಂಡು ಕೇಳಿದರೆ ಈ ಗಾಂಧಾರ ಒಂದಿಷ್ಟು ಮೇಲೆ ನಿಂತಂತೆ ಅನಿಸುತ್ತದೆ, ಧೈವತವೂ ಹಾಗೇ. ನಿಮ್ಮ ಕೆಲಸ ತಪ್ಪಲ್ಲ. ಟ್ಯೂನರ್ ಪಿಯಾನೋ ಲೆಕ್ಕದ ಸ್ವರ ತೋರಿಸುತ್ತದೆ. ನಮ್ಮ ಕಿವಿ ಷಡ್ಜದ ಐದು ಕಾಲು ಪಾಲನ್ನು, ಅಂದರೆ 5/4 ಆದ 327ನ್ನು, ಗಾಂಧಾರಕ್ಕೆ ಬಯಸುತ್ತದೆ. ಧೈವತಕ್ಕೆ 5/3, ಅಂದರೆ 436. ಹಾಡಿನ ಜೊತೆ ನುಡಿಸುವುದಾದರೆ ಶ್ರುತಿಪೆಟ್ಟಿಗೆಯನ್ನೇ ನಂಬಿ. ಗಿಟಾರ್, ಕೀಬೋರ್ಡ್ ಜೊತೆಗಾದರೆ ಟ್ಯೂನರ್.

ಸ್ವರ ಬದಲಿಸುವ ಕೆಲಸದಲ್ಲಿ ಉಳಿಗಿಂತ ಮೊದಲು ಒಂದು ರೂಪಾಯಿಯ ನಾಣ್ಯ. ಎರಡು ಬದಿ ಅಂಟುವ ಟೇಪ್‌ನಲ್ಲಿ ನಾಣ್ಯವನ್ನು ನಾಲಿಗೆಯ ತುದಿಗೆ ಅಂಟಿಸಿ, ಸ್ವರ ಇಳಿಯುತ್ತದೆ. ಬುಡದ ಕಡೆ ಸರಿಸಿದಷ್ಟೂ ಇಳಿತ ಕಡಿಮೆಯಾಗುತ್ತದೆ. ಮೃದಂಗದ ಎಡಮುಖಕ್ಕೆ ರವೆ ಕಲಸಿ ಹಚ್ಚುವುದೂ ಇದೇ ತತ್ತ್ವದ ಮೇಲೆ. ನಾಣ್ಯದಿಂದ ಸ್ವರ ಸರಿಯಾಯಿತು ಅಂದರೆ ನಾಲಿಗೆ ಅಷ್ಟು ಮೇಲಿತ್ತು ಅಂತ ತಿಳಿಯಿತು. ಇನ್ನು ಎರಡು ದಾರಿ. ಅಷ್ಟೇ ತೂಕದ ಮರದ ತುಂಡನ್ನು ತುದಿಯ ಕೆಳಗೆ ಖಾಯಂ ಆಗಿ ಅಂಟಿಸಬಹುದು. ಅಥವಾ ಸೀಳನ್ನು ಬುಡದ ಕಡೆ ಉದ್ದ ಮಾಡಬಹುದು. ಎರಡು ಪಕ್ಕದ ಸೀಳನ್ನೂ ಸಮನಾಗಿ ಬೆಳೆಸಿ, ಒಂದೇ ಪಕ್ಕ ಬೆಳೆಸಿದರೆ ನಾಲಿಗೆ ತಿರುಚಿಕೊಂಡು ಆಡುತ್ತದೆ. 100 ಮಿ.ಮೀ. ನಾಲಿಗೆಯಲ್ಲಿ ಅರ್ಧ ಸ್ವರಕ್ಕೆ ಬೇಕಾಗುವುದು ಹೆಚ್ಚುಕಡಿಮೆ 3 ಮಿ.ಮೀ. ಮಾತ್ರ. ಗರಗಸದ ನಾಲ್ಕು ಎಳೆತಕ್ಕೊಮ್ಮೆ ನಿಂತು, ಹುಡಿ ಊದಿ, ತಟ್ಟಿ ಕೇಳಿ.

ಸ್ವರ ಕೆಳಗಿದೆ, ಏರಿಸಬೇಕು ಅಂದರೆ ತುದಿಯನ್ನು ಹಗುರ ಮಾಡಬೇಕು. ತುದಿಯ ಕೆಳಮುಖದಿಂದ ಉಳಿಯಲ್ಲಿ ತೆಳುವಾಗಿ ಕೆತ್ತಿ. ಅದೇ ಉಳಿ ಬುಡದ ಹತ್ತಿರ ಆಡಿದರೆ ಸ್ವರ ಇಳಿಯುತ್ತದೆ, ಏಕೆಂದರೆ ಅಲ್ಲಿ ಮರ ತೆಗೆದರೆ ಬಿಗಿ ಹೋಗುತ್ತದೆ. ಇದನ್ನು ತಿಳಿಯದೆ ನಾಲಿಗೆಯ ಕೆಳಮುಖ ಇಡೀ ಕೆರೆದರೆ ನಾಲಿಗೆ ತೆಳ್ಳಗಾಗಿ ಸ್ವರ ಕೆಳಗೇ ಹೋಗುತ್ತದೆ. ತುದಿಯನ್ನು ಅಡ್ಡ ಕೊಯ್ದು ಗಿಡ್ಡ ಮಾಡಿದರೂ ಸ್ವರ ಏರುತ್ತದೆ, ಆದರೆ ಎದುರಿನ ಸೀಳು ಅಗಲವಾಗಿ ನೋಟಕ್ಕೆ ಕೆಡುತ್ತದೆ.

ಎದುರುಬದುರು ನಾಲಿಗೆಗಳ ವಿಷಯ ಬೇರೆ. ಮೆಕ್ಸಿಕೋದ ಅಜ್ಟೆಕ್ ಜನ ಕೊರೆದ ದಿಮ್ಮಿಯ ಮೇಲೆ ಎಚ್ ಆಕಾರದ ಸೀಳು ಹಾಕಿ ಎರಡು ನಾಲಿಗೆ ಮಾಡುತ್ತಿದ್ದರು, ಟೆಪೊನಾಜ್ಟ್ಲಿ ಅನ್ನುವ ಆ ವಾದ್ಯವನ್ನು ರಬ್ಬರ್ ತುದಿಯ ಕೋಲಿನಿಂದ ನುಡಿಸುತ್ತಿದ್ದರು. ಈಗಿನ ಪೆಟ್ಟಿಗೆಗಳಲ್ಲೂ ಅದೇ ಎಚ್ ನಾಲ್ಕೈದು ಸಲ ಪಕ್ಕಪಕ್ಕ ಬರುತ್ತದೆ. ಅಕ್ಕಪಕ್ಕದ ನಾಲಿಗೆಗಳು ಒಂದೇ ಬುಡದ ಮರವನ್ನು ಹಂಚಿಕೊಂಡಿರುತ್ತವೆ. ಒಂದರ ಸೀಳು ಉದ್ದ ಮಾಡಿದರೆ ಪಕ್ಕದ್ದರ ಸ್ವರವೂ ಚೂರು ಕದಲುತ್ತದೆ. ಅದಕ್ಕೇ ಒಂದನ್ನೇ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಎಲ್ಲವನ್ನೂ ಬೇಕಾದ್ದಕ್ಕಿಂತ ಸ್ವಲ್ಪ ಮೇಲೆ ನಿಲ್ಲಿಸಿ, ಮತ್ತೆ ಮೊದಲಿನಿಂದ ಸುತ್ತು ಬನ್ನಿ, ಪ್ರತಿ ಸುತ್ತಿಗೂ ಕಡಿಮೆ ತೆಗೆಯುತ್ತಾ. ಪಾಲಿಶ್ ಹಚ್ಚಿದ ಮೇಲೂ ತೂಕ ಸೇರಿ ಸ್ವರ ಕದಲಬಹುದು, ಕೊನೆಯ ಸುತ್ತನ್ನು ಅದಕ್ಕೆ ಉಳಿಸಿಕೊಳ್ಳಿ. ದಪ್ಪ ಪಿಯು (ಪಾಲಿಯುರೆಥೇನ್) ಪಾಲಿಶ್ ನಾದಕ್ಕೆ ಹೊದಿಕೆ ಹಾಕಿದಂತಾಗುತ್ತದೆ, ತೆಳುವಾದ ಅರಗಿನ ಪಾಲಿಶ್ ಅಥವಾ ಅಗಸೆ ಎಣ್ಣೆ ನನ್ನ ಆಯ್ಕೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನಾಗೇ ಕಾದು ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಹರಡಿ ಒಣಗಿಸಿ.

ಮಳೆಗಾಲ, ಬೇಸಿಗೆ

ಮಾರ್ಚ್‌ನಲ್ಲಿ ಸರಿಯಾಗಿದ್ದ ಡ್ರಮ್ ಆಷಾಢದಲ್ಲಿ ಇಳಿದರೆ ಗಾಬರಿ ಬೇಡ. ಮರ ತೇವ ಹೀರಿದರೆ ತೂಕ ಹೆಚ್ಚುತ್ತದೆ, ಬಿಗಿ ಕಡಿಮೆಯಾಗುತ್ತದೆ, ಎರಡೂ ಸ್ವರವನ್ನು ಕೆಳಗೆ ಎಳೆಯುತ್ತವೆ. ಎಲ್ಲ ನಾಲಿಗೆಗಳೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಇಳಿದಿದ್ದರೆ ಅದು ಹವೆ, ದೋಷ ಅಲ್ಲ. ಒಂದೇ ನಾಲಿಗೆ ಇಳಿದಿದ್ದರೆ ಬಿರುಕು ಹುಡುಕಿ. ಮಲೆನಾಡಲ್ಲೋ ಕರಾವಳಿಯಲ್ಲೋ ಇರುವವರು ಮಳೆಗಾಲದ ನಡುವೆ ಶ್ರುತಿ ತಿದ್ದಲು ಹೋಗಬೇಡಿ, ಬೇಸಿಗೆಗೆ ಎಲ್ಲವೂ ಮೇಲೆ ಹೋಗಿ ಕೂರುತ್ತವೆ.

ಮರ ಎಳೆಗೆ ಅಡ್ಡವಾಗಿಯೇ ಹೆಚ್ಚು ಹಿಗ್ಗುವುದು, ಉದ್ದಕ್ಕೆ ಬಹಳ ಕಡಿಮೆ. ಹಲಗೆಯ ಅಂಚುಗಳು ಚೌಕಟ್ಟಿಗೆ ಬಿಗಿಯಾಗಿ ಅಂಟಿರುವಾಗ ಹಿಗ್ಗಿದ ಮರಕ್ಕೆ ಜಾಗ ಸಿಗುವುದು ಸೀಳುಗಳಲ್ಲೇ. ಮಳೆಗಾಲದಲ್ಲಿ ಮಾತ್ರ ಜಿರ್ರ್ ಅನ್ನುವ ಡ್ರಮ್‌ಗೆ ಕಾರಣ ಇದು. ಸೀಳು 2.5ರಿಂದ 3 ಮಿ.ಮೀ. ಇದ್ದರೆ ಈ ತೊಂದರೆ ಬರುವುದಿಲ್ಲ. ಬೇಸಿಗೆಯಲ್ಲಿ ಇದರ ಉಲ್ಟಾ. ಹಲಗೆ ಕುಗ್ಗಬೇಕು, ಆದರೆ ಪೆಟ್ಟಿಗೆಯ ಎರಡು ಕೊನೆಗಳ ಗೋಡೆಗಳಲ್ಲಿ ಎಳೆ ಇನ್ನೊಂದು ದಿಕ್ಕಿಗಿದೆ, ಅವು ಕುಗ್ಗುವುದಿಲ್ಲ. ಹಲಗೆ ಎಳೆಯ ಉದ್ದಕ್ಕೆ ಸೀಳಿಬಿಡುತ್ತದೆ. ಮಂಗಳೂರಿನಲ್ಲಿ ಮಾಡಿದ ಡ್ರಮ್ ಬಳ್ಳಾರಿಗೆ ಹೋದರೆ ಹೀಗಾಗುವುದು ಸಹಜ. ಕೊನೆಯ ಗೋಡೆಗಳ ಮೇಲೆ ಹಲಗೆಯ ನಡುವಿನ ಭಾಗಕ್ಕೆ ಮಾತ್ರ ಅಂಟು ಹಾಕಿ, ಎರಡು ಮೂಲೆಗಳಲ್ಲಿ ಉದ್ದ ತೂತಿನ ಸ್ಕ್ರೂ ಹಾಕಿದರೆ ಹಲಗೆ ಆಡಿಕೊಳ್ಳುತ್ತದೆ. ಉದ್ದದ ಪಕ್ಕಗಳಲ್ಲಿ ಎಳೆ ಒಂದೇ ದಿಕ್ಕಿಗಿರುವುದರಿಂದ ಪೂರ್ತಿ ಅಂಟಿಸಬಹುದು.

ಆಗಲೇ ಬಿಟ್ಟ ಬಿರುಕು ನಾಲಿಗೆಯ ಹೊರಗಿದ್ದರೆ ತೆಳು ಅಂಟು ಇಳಿಸಿ, ಅದೇ ಮರದ ಹುಡಿ ತುಂಬಿ, ಕೆಳಗಿನಿಂದ ಎಳೆಗೆ ಅಡ್ಡವಾಗಿ ಒಂದು ತೆಳು ಪಟ್ಟಿ ಅಂಟಿಸಿ. ನಾಲಿಗೆಯ ಉದ್ದಕ್ಕಿದ್ದರೂ ಅಂಟು ಹಿಡಿಯುತ್ತದೆ. ಬುಡಕ್ಕೆ ಅಡ್ಡ ಬಿಟ್ಟಿದ್ದರೆ ಆ ನಾಲಿಗೆ ಹೋಯಿತು, ಪ್ರತಿ ಪೆಟ್ಟಿಗೂ ಬಾಗುವ ಜಾಗ ಅದೇ ಆದ್ದರಿಂದ ಯಾವ ಅಂಟೂ ನಿಲ್ಲುವುದಿಲ್ಲ. ಆಗ ಹಲಗೆಯನ್ನು ಚೌಕಟ್ಟಿನ ಮಟ್ಟಕ್ಕೆ ಕೊಯ್ದು ತೆಗೆಯಿರಿ, ತೋಪಡ ಹೊಡೆದು ಹೊಸದು ಕೂರಿಸಿ, ಪೆಟ್ಟಿಗೆ ಹಾಗೇ ಬಳಕೆಗೆ ಬರುತ್ತದೆ. ಹಳೆ ಹಲಗೆಯ ಉಳಿದ ನಾಲಿಗೆಗಳನ್ನು ಬುಡದಿಂದ ಬಿಡಿಸಿ ಬಿಡಿ ಪಟ್ಟಿಗಳಾಗಿ ಇಟ್ಟುಕೊಳ್ಳಿ. ಎರಡೂ ತುದಿಯಿಂದ ನೂರಕ್ಕೆ 22 ಭಾಗ ಒಳಗೆ ದಾರದ ಮೇಲೆ ಕೂರಿಸಿದರೆ ಅವೂ ನುಡಿಯುತ್ತವೆ, ಅದೇ ಉದ್ದದ ನಾಲಿಗೆಗಿಂತ ಆರು ಪಟ್ಟಿಗೂ ಹೆಚ್ಚು ಮೇಲಿನ ಸ್ವರದಲ್ಲಿ.